ಆಯಿಗೆ ಪಿಟಿಎಚ್ ಅನ್ನೋ ಹಾರ್ಮೋನ್ 1180 ಬಂದಿದೆ, ಮೂಳೆ ನೋವು ತಡೆಯೋಕೆ ಆಗ್ತಿಲ್ಲ. ಡಯಾಲಿಸಿಸ್ ಮನೆಯವರು ಯಾರಾದ್ರೂ ಇದ್ದೀರಾ?

ಅಘನಾಶಿನಿ ದಡ
ನಮಸ್ಕಾರ. ನಮ್ಮದು ಕುಮಟಾ ಹತ್ತಿರ. ಆಯಿಗೆ 58 ವರ್ಷ. ಡಯಾಲಿಸಿಸ್ ಶುರುವಾಗಿ ಆರು ವರ್ಷ ಆಯಿತು, ವಾರಕ್ಕೆ ಎರಡು ಸಲ.

ಒಂದು ವರ್ಷದಿಂದ ಮೈಯೆಲ್ಲ ತುರಿಕೆ. ರಾತ್ರಿ ಎಚ್ಚರವಾದಾಗ ನೋಡಿದರೆ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತಾ ನಿಂತಿರುತ್ತಾಳೆ. ಆ ಜಾಗದಲ್ಲಿ ಮರ ಎಣ್ಣೆ ಹಚ್ಚಿದ ಹಾಗೆ ನುಣುಪಾಗಿದೆ. ನಾಲ್ಕು ತಿಂಗಳಿಂದ ಸೊಂಟ, ಮೊಣಕಾಲು, ಹಿಮ್ಮಡಿ ನೋವು ಬೇರೆ. ಈಳಿಗೆಮಣೆ ಮೇಲೆ ಕೂತರೆ ಏಳಿಸಲು ಒಬ್ಬರು ಬೇಕು. ಯಾರನ್ನು ಕೇಳಿದರೂ ಒಂದೇ ಮಾತು, ವಯಸ್ಸಾಯ್ತಲ್ಲ. 58 ಒಂದು ವಯಸ್ಸಾ?

ಕೊನೆಗೆ ಹಟ ಮಾಡಿ ರಕ್ತ ಪರೀಕ್ಷೆ ಮಾಡಿಸಿದೆ. ಫಾಸ್ಫರಸ್ 7.8, ಕ್ಯಾಲ್ಸಿಯಂ 8.7, ಅಲ್ಕಲೈನ್ ಫಾಸ್ಫಟೇಸ್ 410, ಪಿಟಿಎಚ್ 1180. ತಿಂಗಳಿಗೊಮ್ಮೆ ಬರುವ ಡಾಕ್ಟರು ಚೀಟಿ ನೋಡಿ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿದರು. ವಿಟಮಿನ್ ಡಿಯ ಸಣ್ಣ ಕ್ಯಾಪ್ಸೂಲನ್ನೂ ನಿಲ್ಲಿಸಿದರು. ಸೆವೆಲಮರ್ ಅಂತ ದೊಡ್ಡ ಮಾತ್ರೆ ದಿನಕ್ಕೆ ಮೂರು ಬರೆದರು. ಹಿಂದೆ 20 ಜನ ಕಾಯುತ್ತಿದ್ದರು, ಕೇಳಲು ಆಗಲಿಲ್ಲ.

ಮೂಳೆ ಸವೆದಿದೆ ಅಂದ್ರೆ ಕ್ಯಾಲ್ಸಿಯಂ ಜಾಸ್ತಿ ಕೊಡಬೇಕಲ್ವಾ? ನಿಲ್ಲಿಸಿದ್ದು ಯಾಕೆ? ಪಕ್ಕದ ಮನೆಯವರು ಹೇಳಿದರು ಅಂತ ಒಂದು ವಾರದಿಂದ ಬೆಳಿಗ್ಗೆ ಸಂಜೆ ಹಾಲು ಹಾಕಿ ರಾಗಿ ಅಂಬಲಿ ಕೊಡುತ್ತಿದ್ದೇನೆ. ಸರಿಯಾ ತಪ್ಪಾ ಹೇಳಿ.

ಕಾಳಿ ಸೇತುವೆ
ಹಾಲು, ರಾಗಿ ಇವತ್ತೇ ನಿಲ್ಲಿಸಿ. ಉಳಿದದ್ದು ಆಮೇಲೆ ಬರೆಯುತ್ತೇನೆ, ಈಗ ಅಪ್ಪನ ಕರೆದುಕೊಂಡು ಬರಲು ಹೊರಟಿದ್ದೇನೆ.

ತಂಬುಳಿ ಬಟ್ಟಲು
ಹೀಗೆ ಒಂದೇ ಮಾತಿಗೆ ನಿಲ್ಲಿಸಿ ಅಂದರೆ ಹೇಗೆ? ರಾಗಿಯಲ್ಲಿರುವಷ್ಟು ಕ್ಯಾಲ್ಸಿಯಂ ಬೇರೆ ಯಾವ ಧಾನ್ಯದಲ್ಲಿ ಇದೆ? ನಮ್ಮ ಅಜ್ಜಿಗೆ 80ರಲ್ಲಿ ಕಾಲು ಮುರಿದಾಗ ಹಾಲು, ರಾಗಿ ಕೊಟ್ಟೇ ಕೂಡಿಸಿದ್ದು. ಜೊತೆಗೆ ಬೆಳಗಿನ ಬಿಸಿಲಿಗೆ ಅರ್ಧ ಗಂಟೆ ಕೂರಿಸಿ. ವಿಟಮಿನ್ ಡಿ ತಾನಾಗಿ ಬರುತ್ತದೆ, ಕ್ಯಾಪ್ಸೂಲ್ ಬೇಡ.

ಯಂತ್ರದ ಪಕ್ಕ
ಅಜ್ಜಿಗೆ ಕಿಡ್ನಿ ಚೆನ್ನಾಗಿತ್ತಲ್ಲ, ಅಲ್ಲೇ ವ್ಯತ್ಯಾಸ. ನಾನು ಡಯಾಲಿಸಿಸ್ ಟೆಕ್ನಿಶಿಯನ್, 14 ವರ್ಷದಿಂದ ಇದೇ ಕೆಲಸ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಕಿಡ್ನಿ ಅಂದರೆ ಉಚ್ಚೆ ಮಾಡುವ ಯಂತ್ರ ಅಷ್ಟೇ ಅಂತ ಎಲ್ಲರೂ ತಿಳಿದಿದ್ದಾರೆ. ಮೂಳೆ ಕಾಯುವ ಕೆಲಸವೂ ಅದರದ್ದೇ. ಊಟದಲ್ಲಿ ಹೆಚ್ಚಾದ ಫಾಸ್ಫರಸ್ಸನ್ನು ಹೊರಗೆ ಹಾಕುವುದು ಕಿಡ್ನಿ. ಬಿಸಿಲಿನಿಂದ ಬಂದ ವಿಟಮಿನ್ ಡಿ ಇನ್ನೂ ಕಾಯಿ ಇದ್ದ ಹಾಗೆ. ಅದು ಲಿವರ್‌ನಲ್ಲಿ ಅರ್ಧ ಹಣ್ಣಾಗುತ್ತದೆ, ಪೂರ್ತಿ ಹಣ್ಣಾಗುವುದು ಮುಖ್ಯವಾಗಿ ಕಿಡ್ನಿಯಲ್ಲಿ. ಕಿಡ್ನಿ ಹೋದ ಮೇಲೆ ದಿನವಿಡೀ ಬಿಸಿಲಲ್ಲಿ ಕೂತರೂ ಅದು ಪೂರ್ತಿ ಹಣ್ಣಾಗುವುದಿಲ್ಲ. ಹಣ್ಣಾಗದಿದ್ದರೆ ಕರುಳು ಕ್ಯಾಲ್ಸಿಯಂ ಸರಿಯಾಗಿ ಹೀರುವುದಿಲ್ಲ.

ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ನಾಲ್ಕು ಗ್ರಂಥಿ ಇರುತ್ತವೆ. ಒಂದೊಂದೂ ಅಕ್ಕಿ ಕಾಳಿನಷ್ಟು. ಪ್ಯಾರಾಥೈರಾಯ್ಡ್ ಅನ್ನುತ್ತಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಅವು ಪಿಟಿಎಚ್ ಬಿಡುತ್ತವೆ. ಫಾಸ್ಫರಸ್ ಏರಿದರೂ ಬಿಡುತ್ತವೆ. ಪಿಟಿಎಚ್ ಹೋಗಿ ಮೂಳೆಯಿಂದ ಕ್ಯಾಲ್ಸಿಯಂ ಕರಗಿಸಿ ತರುತ್ತದೆ. ಕಣಜದಿಂದ ದಿನಾ ಒಂದು ಸೇರು ಅಕ್ಕಿ ತೆಗೆದ ಹಾಗೆ. ಮೂಳೆ ಕರಗಿದಾಗ ಕ್ಯಾಲ್ಸಿಯಂ ಜೊತೆ ಫಾಸ್ಫರಸ್ಸೂ ಬರುತ್ತದೆ. ಅದನ್ನು ಹೊರಗೆ ಹಾಕಲು ಕಿಡ್ನಿ ಇಲ್ಲ. ಗ್ರಂಥಿ ಮತ್ತೆ ಪಿಟಿಎಚ್ ಬಿಡುತ್ತದೆ. ವರ್ಷಗಟ್ಟಲೆ ಹೀಗೇ ಆದಾಗ ಅಕ್ಕಿ ಕಾಳು ಕಡಲೆ ಕಾಳಾಗುತ್ತದೆ, ಇನ್ನೂ ದೊಡ್ಡದೂ ಆಗುತ್ತದೆ.

ನಿಮ್ಮ ಆಯಿಯ ಮೂಳೆ ಸವೆದಿರುವುದು ಕ್ಯಾಲ್ಸಿಯಂ ತಿನ್ನದೆ ಅಲ್ಲ. ಮುಖ್ಯ ತೊಂದರೆ ಫಾಸ್ಫರಸ್. ಹಾಲು, ರಾಗಿ ಎರಡರಲ್ಲೂ ಅದು ಜಾಸ್ತಿ. ಒಂದು ಲೋಟ ಹಾಲಿನಲ್ಲೇ ಸುಮಾರು 180 ಮಿಲಿಗ್ರಾಂ ಇರುತ್ತದೆ.

ಅಘನಾಶಿನಿ ದಡ
ಅಯ್ಯೋ. ದಿನಕ್ಕೆ ಎರಡು ಲೋಟ ಕೊಟ್ಟಿದ್ದೇನೆ. ಇವತ್ತಿಂದ ಬಂದ್. ಆದರೆ ವಿಟಮಿನ್ ಡಿ ಹಣ್ಣಾಗುವುದಿಲ್ಲ ಅಂದ್ರಿ, ಮತ್ತೆ ಕ್ಯಾಪ್ಸೂಲ್ ನಿಲ್ಲಿಸಿದ್ದು ಯಾಕೆ? ಅದು ಇನ್ನೂ ಬೇಕಲ್ವಾ?

ಯಂತ್ರದ ಪಕ್ಕ
ಒಳ್ಳೆಯ ಪ್ರಶ್ನೆ. ಆ ಕ್ಯಾಪ್ಸೂಲ್ ಕ್ಯಾಲ್ಸಿಟ್ರಿಯಾಲ್ ಇರಬೇಕು, ಪೂರ್ತಿ ಹಣ್ಣಾದ ವಿಟಮಿನ್ ಡಿ. ಪಿಟಿಎಚ್ ಇಳಿಸಲು ಅದನ್ನೇ ಕೊಡುತ್ತಾರೆ. ಆದರೆ ಅದು ಕರುಳಿನಿಂದ ಕ್ಯಾಲ್ಸಿಯಂ ಎಳೆಯುವಾಗ ಫಾಸ್ಫರಸ್ಸನ್ನೂ ಎಳೆಯುತ್ತದೆ. ಈಗಾಗಲೇ 7.8 ಇರುವಾಗ ಇನ್ನೂ ಏರುತ್ತದೆ. ಎರಡೂ ರಕ್ತದಲ್ಲಿ ಜಾಸ್ತಿಯಾದರೆ ಹೋಗಿ ಕೂರುವುದು ರಕ್ತನಾಳದಲ್ಲಿ, ಹೃದಯದ ಕವಾಟದಲ್ಲಿ. ಅದಕ್ಕೆ ಮೊದಲು ಫಾಸ್ಫರಸ್ ಇಳಿಸಿ ಆಮೇಲೆ ಮತ್ತೆ ಶುರು ಮಾಡುತ್ತಾರೆ. ಮುಂದಿನ ಸಲ ಡಾಕ್ಟರನ್ನು ಇದೇ ಮಾತು ಕೇಳಿ, ಯಾವಾಗ ಮತ್ತೆ ಶುರು ಅಂತ.

ಔಷಧಿ ಅಂಗಡಿ ಅಂಕೋಲಾ
ಒಂದು ಪ್ರಶ್ನೆ. ಆಯಿ ಮಾತ್ರೆಗಳನ್ನು ಯಾವಾಗ ತಗೊಳ್ತಾರೆ?

ಅಘನಾಶಿನಿ ದಡ
ಎಲ್ಲ ಒಟ್ಟಿಗೆ. ಬಿಪಿ ಮಾತ್ರೆ, ಕ್ಯಾಲ್ಸಿಯಂ, ಕಬ್ಬಿಣದ್ದು ಎಲ್ಲ ಒಂದು ಸಣ್ಣ ಡಬ್ಬಿಗೆ ಹಾಕಿಟ್ಟು ರಾತ್ರಿ ಮಲಗುವ ಮುಂಚೆ ನುಂಗುತ್ತಾಳೆ. ಆರು ವರ್ಷದಿಂದ ಹೀಗೇ. ನೀರು ಕಡಿಮೆ ಕುಡಿಯಬೇಕಲ್ಲ, ಒಂದೇ ಗುಟುಕಿನಲ್ಲಿ ಮುಗಿಯಲಿ ಅಂತ.

ಔಷಧಿ ಅಂಗಡಿ ಅಂಕೋಲಾ
ಅಂದುಕೊಂಡೆ. ಹತ್ತು ಮನೆಯಲ್ಲಿ ಎಂಟು ಮನೆಯ ಕಥೆ ಇದೇ. ಆಯಿಯ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಚೀಟಿಯಲ್ಲಿ ದಿನಕ್ಕೆ ಮೂರು ಅಂತ ಬರೆದಿರುತ್ತಾರೆ, ಯಾವಾಗ ಯಾಕೆ ಅಂತ ಹೇಳಿರುವುದಿಲ್ಲ.

ಆ ಕ್ಯಾಲ್ಸಿಯಂ ಮಾತ್ರೆ, ಅಂದರೆ ಕ್ಯಾಲ್ಸಿಯಂ ಅಸಿಟೇಟ್, ಮೂಳೆಗೆ ಕೊಟ್ಟದ್ದಲ್ಲ! ಊಟದಲ್ಲಿರುವ ಫಾಸ್ಫರಸ್ಸನ್ನು ಹೊಟ್ಟೆಯಲ್ಲೇ ಹಿಡಿದು ಮಲದಲ್ಲಿ ಹೊರಗೆ ಹಾಕಲು ಕೊಟ್ಟದ್ದು. ಊಟದ ಜೊತೆ ಹೋದರೆ ಮಾತ್ರ ಅದು ಕೆಲಸ ಮಾಡುತ್ತದೆ. ಖಾಲಿ ಹೊಟ್ಟೆಗೆ ಹೋದರೆ ಹಿಡಿಯಲು ಅಲ್ಲಿ ಏನೂ ಇರುವುದಿಲ್ಲ, ಕ್ಯಾಲ್ಸಿಯಂ ಸುಮ್ನೆ ರಕ್ತಕ್ಕೆ ಸೇರುತ್ತದೆ. ಈಗ ಕೊಟ್ಟಿರುವ ಸೆವೆಲಮರ್‌ಗೂ ಅದೇ ಕೆಲಸ, ಅದರಲ್ಲಿ ಕ್ಯಾಲ್ಸಿಯಂ ಇಲ್ಲ ಅಷ್ಟೇ. ಎರಡು ತುತ್ತು ಊಟ ಮಾಡಿ, ಮಾತ್ರೆ ನುಂಗಿ, ಊಟ ಮುಂದುವರಿಸಲಿ. ಊಟ ಬಿಟ್ಟ ದಿನ ಆ ಹೊತ್ತಿನ ಮಾತ್ರೆಯೂ ಬೇಡ. ಮದುವೆ ಮನೆಗೆ ಹೋದರೆ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಾದರೂ ಒಯ್ಯಲಿ.

ಸೆವೆಲಮರ್ ಪುಡಿ ಮಾಡಬಾರದು, ಅಗಿಯಬಾರದು. ನೀರು ತಾಗಿದರೆ ಉಬ್ಬುತ್ತದೆ, ಇಡಿಯಾಗಿ ನುಂಗಬೇಕು. ಲ್ಯಾಂಥನಮ್ ಕೊಟ್ಟರೆ ಉಲ್ಟಾ, ಅದನ್ನು ಚೆನ್ನಾಗಿ ಅಗಿದೇ ತಿನ್ನಬೇಕು. ಸೆವೆಲಮರ್‌ನಿಂದ ಮಲಬದ್ಧತೆ ಆಗಬಹುದು, ಆದರೆ ಬಿಟ್ಟುಬಿಡಬೇಡಿ, ಡಾಕ್ಟರಿಗೆ ಹೇಳಿ. ಥೈರಾಯ್ಡ್ ಮಾತ್ರೆ ಇದ್ದರೆ ಇದರ ಜೊತೆ ಬೇಡ, ಗಂಟೆಗಟ್ಟಲೆ ಅಂತರ ಇರಲಿ. ರೇಟು ಜಾಸ್ತಿ ಅನ್ನಿಸಿದರೆ ಜನೌಷಧಿ ಮಳಿಗೆಯಲ್ಲಿ ಕೇಳಿ ನೋಡಿ.

ಬೈತಖೋಲ್ ಗಾಳಿ
ಗ್ಯಾಸ್‌ಗೆ ಕುಡಿಯುವ ಬಿಳಿ ಔಷಧಿಯೂ ಫಾಸ್ಫರಸ್ ಹಿಡಿಯುತ್ತದಂತೆ, ಅಗ್ಗ ಅಂತ ಒಬ್ಬರು ಹೇಳಿದ್ದರು. ನಿಜವಾ?

ಔಷಧಿ ಅಂಗಡಿ ಅಂಕೋಲಾ
ನಿಜ, ಹಿಂದೆ ಅದನ್ನೇ ಕೊಡುತ್ತಿದ್ದರು. ಅದರಲ್ಲಿ ಅಲ್ಯೂಮಿನಿಯಂ ಇರುತ್ತದೆ. ಕಿಡ್ನಿ ಇಲ್ಲದವರಲ್ಲಿ ಅದು ಮೂಳೆಯಲ್ಲಿ, ಮಿದುಳಿನಲ್ಲಿ ಸೇರಿ ಬೇರೆಯೇ ಕಾಯಿಲೆ ತಂದಿತು. ಅದಕ್ಕೇ ದೀರ್ಘಕಾಲ ಕೊಡುವುದನ್ನು ಬಿಟ್ಟರು. ಡಾಕ್ಟರ್ ಹೇಳದೆ ಅದನ್ನು ಮುಟ್ಟಲೇಬೇಡಿ.

ಕಾಳಿ ಸೇತುವೆ
ಈಗ ಬಂದೆ. ಒಂದು ಕಣ್ಣಾರೆ ನೋಡಿದ್ದು ಹೇಳುತ್ತೇನೆ.

ಅಪ್ಪನಿಗೆ ಒಂಬತ್ತು ವರ್ಷದ ಡಯಾಲಿಸಿಸ್. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಕೈ ಊರಿದರು ಅಂತ ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದರು. ಮೂಳೆ ಮುರಿದಿರಲಿಲ್ಲ. ಆದರೆ ಬೆರಳುಗಳ ಮೂಳೆ ಅಂಚು ಇಲಿ ಕಚ್ಚಿದ ಹಾಗೆ ತರಿತರಿಯಾಗಿತ್ತು. ಮಣಿಕಟ್ಟಿನಿಂದ ಹೆಬ್ಬೆರಳ ಕಡೆಗೆ ಎರಡು ಬಿಳಿ ಗೆರೆ ಜೋಡಿಯಾಗಿ ಹೋಗಿದ್ದವು, ರೈಲು ಹಳಿ ಇದ್ದ ಹಾಗೆ. ಇದೇನು ಅಂತ ಕೇಳಿದೆ. ರಕ್ತನಾಳ ಅಂದರು. ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ರಕ್ತನಾಳ ಕಾಣುವುದೇ ಇಲ್ಲ. ಅಪ್ಪನದ್ದು ಕಾಣುತ್ತಿತ್ತು, ಯಾಕೆಂದರೆ ಅದರ ಗೋಡೆಯಲ್ಲಿ ಸುಣ್ಣ ಕಟ್ಟಿತ್ತು. ಮೂಳೆಯಲ್ಲಿ ಇರಬೇಕಾದದ್ದು ಮೂಳೆ ಬಿಟ್ಟು ನಾಳಕ್ಕೆ ಹೋಗಿದೆ.

ಅವತ್ತು ಮನೆಗೆ ಬಂದು ಅಡುಗೆ ಮನೆ ಕಪಾಟು ಖಾಲಿ ಮಾಡಿದೆ. ಬಿಸ್ಕೆಟ್, ಚೀಸ್, ಹಾಲಿನ ಪುಡಿ, ಕಪ್ಪು ಸೋಡಾ ಬಾಟಲಿ, ಎಲ್ಲ.

ಬೈತಖೋಲ್ ಗಾಳಿ
ಮೀನು? ಅದನ್ನು ಹೇಳಿ ಮೊದಲು. ನಮ್ಮ ಮಾವನಿಗೂ ಡಯಾಲಿಸಿಸ್ ಇದೆ. ಮೀನಿಲ್ಲ ಅಂದರೆ ತಟ್ಟೆ ಮುಂದೆ ಕೂರುವುದೇ ಇಲ್ಲ.

ಸೋದೆ ರಸ್ತೆ
ಮೀನಿನಲ್ಲಿ ಫಾಸ್ಫರಸ್ ತುಂಬಾ. ಪೂರ್ತಿ ಬಿಡಿಸಿ. ನಮ್ಮ ಹಾಗೆ ಅನ್ನ ಸಾರು ತಿಂದರೆ ಏನೂ ಆಗುವುದಿಲ್ಲ.

ಕಾಳಿ ಸೇತುವೆ
ಪೂರ್ತಿ ಬಿಡಿಸಬೇಡಿ ದಯವಿಟ್ಟು. ನಾವು ಆ ತಪ್ಪು ಮಾಡಿದ್ದೇವೆ. ಅಪ್ಪ ಆರು ತಿಂಗಳಲ್ಲಿ ಐದು ಕಿಲೋ ಇಳಿದರು, ರಕ್ತದ ಪ್ರೋಟೀನ್ ಆಲ್ಬುಮಿನ್ ಬಿದ್ದುಹೋಯಿತು. ಪ್ರತಿ ಡಯಾಲಿಸಿಸ್‌ನಲ್ಲೂ ಪ್ರೋಟೀನಿನ ಅಂಶ ಹೊರಗೆ ಹೋಗುತ್ತದೆ, ಅದನ್ನು ತುಂಬಲೇಬೇಕು. ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು ಅಂತ ಡಯಟಿಷಿಯನ್ ಹೇಳಿದ್ದು. ಈಗ ದಿನಕ್ಕೆ ಒಂದು ತುಂಡು ಇಸೋಣ ಅಥವಾ ಒಂದು ಬಂಗುಡೆ, ಜೊತೆಗೆ ಮಾತ್ರೆ. ಮುಳ್ಳು ಸಮೇತ ಗರಿಗರಿ ಹುರಿದು ತಿನ್ನುವ ಸಣ್ಣ ತಾರ್ಲೆ ಬೇಡ, ಫಾಸ್ಫರಸ್ ಇರುವುದೇ ಮುಳ್ಳಲ್ಲಿ ಜಾಸ್ತಿ. ಒಣಮೀನು ಅಂತೂ ಉಪ್ಪಿನ ದೆಸೆಯಿಂದಲೇ ಬೇಡ. ಮೊಟ್ಟೆಯ ಬಿಳಿ ಧಾರಾಳ ಕೊಡಿ. ಒಂದು ಮೊಟ್ಟೆಯ ಬಿಳಿಯಲ್ಲಿ ಮೂರೂವರೆ ಗ್ರಾಂ ಪ್ರೋಟೀನ್, ಫಾಸ್ಫರಸ್ 5 ಮಿಲಿಗ್ರಾಂ ಅಷ್ಟೇ. ಹಳದಿಯಲ್ಲಿ ಅದರ ಹತ್ತು ಪಟ್ಟಿಗೂ ಮೇಲೆ.

ಯಂತ್ರದ ಪಕ್ಕ
ಸರಿಯಾಗಿ ಹೇಳಿದ್ದೀರಿ. ಇನ್ನೊಂದು ಸೇರಿಸುತ್ತೇನೆ. ಎಲ್ಲ ಫಾಸ್ಫರಸ್ ಒಂದೇ ಅಲ್ಲ. ಕಾಳು, ಬೇಳೆಯಲ್ಲಿರುವುದು ಅರ್ಧದಷ್ಟು ಮಾತ್ರ ಮೈಗೆ ಹತ್ತುತ್ತದೆ, ಉಳಿದದ್ದು ಹಾಗೇ ಹೊರಗೆ ಹೋಗುತ್ತದೆ. ಮೀನು, ಹಾಲಿನದ್ದು ಅದಕ್ಕಿಂತ ಜಾಸ್ತಿ ಹತ್ತುತ್ತದೆ. ಕಾರ್ಖಾನೆಯಲ್ಲಿ ಕೆಡದಿರಲಿ ಅಂತ ಹಾಕುವ ಫಾಸ್ಫೇಟ್ ಇದೆಯಲ್ಲ, ಅದು ಹೆಚ್ಚುಕಡಿಮೆ ಪೂರ್ತಿ ಹತ್ತುತ್ತದೆ. ಬೈತಖೋಲ್ ಬಂದರಿನಲ್ಲಿ ಬೆಳಿಗ್ಗೆ ಇಳಿದ ಶೆಟ್ಲಿ (ಸಿಗಡಿ) ಬೇರೆ, ಮಂಜುಗಡ್ಡೆ ಪ್ಯಾಕೆಟ್ಟಿನ ಶೆಟ್ಲಿ ಬೇರೆ. ಎಷ್ಟೋ ಸಲ ಎರಡನೆಯದನ್ನು ಫಾಸ್ಫೇಟ್ ನೀರಿನಲ್ಲಿ ನೆನೆಸಿರುತ್ತಾರೆ, ತೂಕ ಬರಲಿ ಅಂತ.

ತಂಬುಳಿ ಬಟ್ಟಲು
ಸರಿ, ಹಾಲು ರಾಗಿ ವಿಷಯದಲ್ಲಿ ನಾನು ಹೇಳಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಮಜ್ಜಿಗೆ ಇಲ್ಲದೆ ಶಿರಸಿ ಕಡೆಯವರು ಬದುಕುವುದು ಹೇಗೆ? ನನ್ನ ಅತ್ತೆಗೂ ಕ್ರಿಯೇಟಿನಿನ್ ಏರುತ್ತಿದೆ, ಅದಕ್ಕೆ ಕೇಳುತ್ತಿದ್ದೇನೆ.

ಯಂತ್ರದ ಪಕ್ಕ
ನೀರು ಮಾಡಿದ ಮಜ್ಜಿಗೆಯ ತಂಬುಳಿ ನಾಲ್ಕು ಚಮಚ ಅನ್ನಕ್ಕೆ ಕಲಸಿಕೊಂಡರೆ ದೊಡ್ಡ ಲೆಕ್ಕವಲ್ಲ. ಗಟ್ಟಿ ಮೊಸರು ಬಟ್ಟಲುಗಟ್ಟಲೆ ಬೇಡ. ಅತ್ತೆಯವರಿಗೆ ಇನ್ನೂ ಡಯಾಲಿಸಿಸ್ ಇಲ್ಲದಿದ್ದರೆ ಅವರ ಪಥ್ಯವೇ ಬೇರೆ, ಇಲ್ಲಿ ಓದಿದ್ದನ್ನು ಅವರಿಗೆ ಹಚ್ಚಬೇಡಿ. ಆದರೆ ಪಿಟಿಎಚ್ ಏರುವುದು ಡಯಾಲಿಸಿಸ್‌ಗೆ ಎಷ್ಟೋ ಮುಂಚೆಯೇ ಶುರುವಾಗುತ್ತದೆ, ಒಮ್ಮೆ ನೋಡಿಸಿ.

ಹುಲೇಕಲ್ ತೋಟ
ಪಥ್ಯದ ಮಾತು ಬಂತಲ್ಲ, ಇದು ಬೇರೆ ವಿಷಯವಾದರೂ ಹೇಳಲೇಬೇಕು. ಕಿಡ್ನಿ ಹೋದವರಿಗೆ ಧಾರೆಹುಳಿ ಯಾವ ಕಾರಣಕ್ಕೂ ಕೊಡಬೇಡಿ. ನಕ್ಷತ್ರದ ಆಕಾರದ ಕಮರಾಕ್ಷಿ ಅಂತಾರಲ್ಲ, ಅದೇ. ನಮ್ಮ ಚಿಕ್ಕಪ್ಪ ತೋಟದಲ್ಲಿ ಬಿದ್ದಿದ್ದು ಎರಡು ಉಪ್ಪು ಹಚ್ಚಿ ತಿಂದರು. ಸಂಜೆಯಿಂದ ಬಿಕ್ಕಳಿಕೆ. ನಿಲ್ಲಲೇ ಇಲ್ಲ. ರಾತ್ರಿ ಹತ್ತಕ್ಕೆ ಮಾತು ತೊದಲಿತು, ನನ್ನ ಗುರುತು ಸಿಗಲಿಲ್ಲ. ತುರ್ತು ಡಯಾಲಿಸಿಸ್ ಮಾಡಿ ಉಳಿಸಿದರು. ಅದರಲ್ಲಿರುವ ವಿಷ ಕಿಡ್ನಿ ಇದ್ದವರಲ್ಲಿ ಹೊರಗೆ ಹೋಗುತ್ತದೆ, ಇಲ್ಲದವರಲ್ಲಿ ತಲೆಗೆ ಏರುತ್ತದೆ. ಎಳನೀರೂ ಬೇಡ, ಅದು ಪೊಟ್ಯಾಸಿಯಂ ಲೆಕ್ಕ.

ಸೋದೆ ರಸ್ತೆ
ಧಾರೆಹುಳಿ ವಿಷಯ ಗೊತ್ತೇ ಇರಲಿಲ್ಲ. ನಮ್ಮ ಹಿತ್ತಲಲ್ಲಿ ಮರ ಇದೆ. ನಾಳೆಯೇ ಅಪ್ಪಯ್ಯನಿಗೆ ಹೇಳುತ್ತೇನೆ.

ಅಂದ ಹಾಗೆ ಅಪ್ಪಯ್ಯ ಕವಳ (ಎಲೆ ಅಡಿಕೆ) ಹಾಕುತ್ತಾರೆ, ದಿನಕ್ಕೆ ಎಂಟು ಹತ್ತು. ಸುಣ್ಣವೂ ಕ್ಯಾಲ್ಸಿಯಂ ತಾನೇ? ಇದು ಲೆಕ್ಕಕ್ಕೆ ಬರುತ್ತದಾ?

ಔಷಧಿ ಅಂಗಡಿ ಅಂಕೋಲಾ
ಬರುತ್ತದೆ. ಚಿಪ್ಪು ಸುಟ್ಟು ಮಾಡಿದ ಸುಣ್ಣ ಅಂದರೆ ಕ್ಯಾಲ್ಸಿಯಂ, ಜೊತೆಗೆ ಕ್ಷಾರ. ಕವಳ ವಿಪರೀತ ಹಾಕುವವರಲ್ಲಿ ರಕ್ತದ ಕ್ಯಾಲ್ಸಿಯಂ ಏರಿದ್ದು ಉಂಟು. ಡಾಕ್ಟರು ಊಟ, ಮಾತ್ರೆ ಎಲ್ಲ ಕೇಳುತ್ತಾರೆ, ಕವಳ ಕೇಳುವುದಿಲ್ಲ. ನೀವೇ ಹೇಳಿ.

ಗುಡ್ಡದ ಬೇರು
ಇಷ್ಟೆಲ್ಲ ಮಾತ್ರೆ ಯಾಕೆ? ನಮ್ಮ ಕಡೆ ಮೂಳೆ ಔಷಧಿ ಕೊಡುವವರು ಇದ್ದಾರೆ. ಎಣ್ಣೆ ಹಚ್ಚಿ ನೀವಿ, ಬೇರಿನ ಕಷಾಯ ಕೊಡುತ್ತಾರೆ. ಮುರಿದ ಕಾಲೇ ಕೂಡುತ್ತದೆ, ನೋವು ಯಾವ ಲೆಕ್ಕ?

ಯಂತ್ರದ ಪಕ್ಕ
ನಾಟಿ ವೈದ್ಯರ ಮೇಲೆ ನನಗೂ ಗೌರವ ಇದೆ. ನನ್ನ ಅಜ್ಜನೇ ಕೊಡುತ್ತಿದ್ದರು. ಆದರೆ ಇಲ್ಲಿ ಬೇಡ. ಕಷಾಯದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ, ಅದು ಏರಿದರೆ ಹೃದಯವೇ ನಿಲ್ಲುತ್ತದೆ. ಇನ್ನು ನೀವುವುದು. ಪಿಟಿಎಚ್ 1180 ಇರುವವರ ಮೂಳೆ ಹಳೆಯ ಗೆದ್ದಲು ಹಿಡಿದ ರೀಪು ಇದ್ದ ಹಾಗೆ. ಸೊಂಟ ಹಿಡಿದು ಒತ್ತಿ ಪಕ್ಕೆಲುಬು ಮುರಿದ ರೋಗಿಯನ್ನು ನಾನೇ ಮಂಚಕ್ಕೆ ಎತ್ತಿ ಮಲಗಿಸಿದ್ದೇನೆ.

ಗುಡ್ಡದ ಬೇರು
ಅಷ್ಟು ಬಲಹೀನ ಆಗಿರುತ್ತದೆ ಅಂತ ತಿಳಿದಿರಲಿಲ್ಲ. ನನ್ನ ಮಾತು ಬಿಡಿ.

ಹನ್ನೊಂದು ವರ್ಷ
ಹೊನ್ನಾವರದಿಂದ. ಇಲ್ಲಿ ಎಲ್ಲರೂ ಅಪ್ಪ, ಆಯಿ, ಮಾವ ಅಂತ ಬರೆದಿದ್ದೀರಿ. ನಾನೇ ರೋಗಿ. 44 ವರ್ಷ, ಡಯಾಲಿಸಿಸ್ ಹನ್ನೊಂದನೇ ವರ್ಷ.

ನನ್ನ ಪಿಟಿಎಚ್ 2000 ದಾಟಿತ್ತು. ತುರಿಕೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಚರ್ಮದ ಮೇಲಲ್ಲ, ಒಳಗೆ ಇರುವೆ ಹರಿದ ಹಾಗೆ. ಕೆರೆದರೆ ರಕ್ತ ಬರುತ್ತದೆ, ತುರಿಕೆ ಹೋಗುವುದಿಲ್ಲ. ಕಣ್ಣು ಸದಾ ಕೆಂಪು. ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ಶಕ್ತಿಯೇ ಇಲ್ಲ. ಮನೆಯವರು ಸೋಮಾರಿತನ ಅಂದುಕೊಂಡಿದ್ದರು, ಅದು ನೋವಿಗಿಂತ ಜಾಸ್ತಿ ನೋಯಿಸಿತು.

ಮೊದಲು ಸಿನಾಕ್ಯಾಲ್ಸೆಟ್ ಮಾತ್ರೆ ಕೊಟ್ಟರು. ಕ್ಯಾಲ್ಸಿಯಂ ಸಾಕಷ್ಟಿದೆ ಅಂತ ಗ್ರಂಥಿಗೆ ಅನ್ನಿಸುವ ಹಾಗೆ ಮಾಡುತ್ತದೆ ಅದು. ಕೆಲವರಿಗೆ ಅದೇ ಸಾಕಾಗುತ್ತದೆ. ನನಗೆ ವಾಂತಿ, ಊಟ ಸೇರುತ್ತಿರಲಿಲ್ಲ. ರಾತ್ರಿ ಊಟದ ಜೊತೆ ತಗೊಂಡಾಗ ಸ್ವಲ್ಪ ವಾಸಿ. ಆದರೂ ಇಳಿಯಲಿಲ್ಲ. ಗ್ರಂಥಿ ಅಷ್ಟು ದೊಡ್ಡದಾದ ಮೇಲೆ ಮಾತ್ರೆಯ ಮಾತು ಕೇಳುವುದಿಲ್ಲ ಅಂದರು. ಕೊನೆಗೆ ಆಪರೇಷನ್. ಕುತ್ತಿಗೆಯಲ್ಲಿ ಅಡ್ಡ ಗೆರೆ, ನಾಲ್ಕೂ ತೆಗೆದು ಒಂದರ ಸಣ್ಣ ತುಣುಕನ್ನು ಫಿಸ್ಟುಲಾ (ಡಯಾಲಿಸಿಸ್ ಸೂಜಿಗೆ ಅಂತ ಕೂಡಿಸಿದ ರಕ್ತನಾಳ) ಇಲ್ಲದ ಕೈಯ ಸ್ನಾಯುವಿನಲ್ಲಿ ನೆಟ್ಟರು. ಮುಂದೆ ಅದೇ ಸ್ವಲ್ಪ ಪಿಟಿಎಚ್ ಕೊಡಲಿ ಅಂತ.

ತುರಿಕೆ ಎರಡೇ ದಿನದಲ್ಲಿ ಹೋಯಿತು. ಎಷ್ಟೋ ವರ್ಷದ ಮೇಲೆ ರಾತ್ರಿ ಪೂರ್ತಿ ಮಲಗಿದೆ. ಆದರೆ ಎರಡನೇ ದಿನ ಬೆಳಗಿನ ಜಾವ ತುಟಿ ಸುತ್ತ ಜುಂ ಅನ್ನಿಸಿತು, ಬೆರಳುಗಳು ತಾವಾಗಿ ಮಡಚಿಕೊಂಡವು, ಬಿಡಿಸಲು ಆಗಲಿಲ್ಲ. ಇಷ್ಟು ವರ್ಷ ಕ್ಯಾಲ್ಸಿಯಂ ಕೊಟ್ಟು ಕೊಟ್ಟು ಬರಿದಾದ ಮೂಳೆ ಒಮ್ಮೆಲೇ ಎಲ್ಲ ಕ್ಯಾಲ್ಸಿಯಂ ಎಳೆದುಕೊಳ್ಳಲು ಶುರು ಮಾಡುತ್ತದೆ. ಹಸಿದ ಮೂಳೆ ಅಂತಲೇ ಅದಕ್ಕೆ ಹೆಸರು. ಆರು ಗಂಟೆಗೊಮ್ಮೆ ರಕ್ತ ನೋಡಿದರು, ರಕ್ತನಾಳದಲ್ಲೇ ಕ್ಯಾಲ್ಸಿಯಂ ಹಾಕಿದರು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದೆ. ಆಮೇಲೆ ತಿಂಗಳುಗಟ್ಟಲೆ ಕ್ಯಾಲ್ಸಿಯಂ ಮಾತ್ರೆ, ಆಗ ಮಾತ್ರ ಊಟದ ನಡುವೆ ಅಲ್ಲ, ಊಟವಿಲ್ಲದ ಹೊತ್ತಿಗೆ. ಅದು ನಿಜವಾಗಿ ಮೂಳೆಗೆ.

ಹಾಗಾಗಿ ಆಪರೇಷನ್ ಬೇಕಾದರೆ ಇಂಥದ್ದು ಮಾಡಿ ಅಭ್ಯಾಸ ಇರುವ ಕಡೆಯೇ ಮಾಡಿಸಿ. ಕತ್ತಿ ಹಿಡಿಯುವವರಿಗಿಂತ ಆಮೇಲೆ ರಾತ್ರಿ ರಕ್ತ ನೋಡುವವರು ಮುಖ್ಯ.

ಅಘನಾಶಿನಿ ದಡ
ಓದಿ ಕಣ್ಣಲ್ಲಿ ನೀರು ಬಂತು. ಆಯಿಗೂ ಓದಿ ಹೇಳಿದೆ. ಇರುವೆ ಹರಿದ ಹಾಗೆ ಅಂದಾಗ, ಅದೇ, ಅದೇ ಅಂದಳು. ಒಂದು ವರ್ಷದಿಂದ ಅವಳಿಗೆ ಹೇಳಲು ಮಾತು ಸಿಕ್ಕಿರಲಿಲ್ಲ.

ಶರಾವತಿ ಕಡವು
ನಮ್ಮಲ್ಲಿ ಉಲ್ಟಾ. ಅಣ್ಣನ ಪಿಟಿಎಚ್ 48. ಚೀಟಿಯಲ್ಲಿ ನಾರ್ಮಲ್ 15ರಿಂದ 65 ಅಂತ ಇದೆ. ನಾವು ಖುಷಿಪಟ್ಟೆವು, ಡಾಕ್ಟರು ಮುಖ ಗಂಟು ಹಾಕಿದರು. ಯಾಕೆ?

ಯಂತ್ರದ ಪಕ್ಕ
ಚೀಟಿಯಲ್ಲಿರುವ ನಾರ್ಮಲ್ ಕಿಡ್ನಿ ಇರುವವರದ್ದು. ಡಯಾಲಿಸಿಸ್‌ನವರಿಗೆ ಲ್ಯಾಬಿನ ಮೇಲಿನ ಅಂಕಿಯ ಎರಡರಿಂದ ಒಂಬತ್ತು ಪಟ್ಟಿನೊಳಗೆ ಇರಲಿ ಅಂತ ಇಟ್ಟುಕೊಳ್ಳುತ್ತಾರೆ. ನಿಮ್ಮ ಲ್ಯಾಬಿನ ಲೆಕ್ಕದಲ್ಲಿ ಸುಮಾರು 130ರಿಂದ 585. ತೀರಾ ಕಡಿಮೆ ಇದ್ದರೆ ಮೂಳೆ ನಿದ್ದೆ ಹೋಗಿದೆ ಅಂತ ಅರ್ಥ. ಹಳೆಯದು ಒಡೆದು ಹೊಸದು ಕಟ್ಟುವ ಕೆಲಸ ನಡೆಯುವುದಿಲ್ಲ. ಆ ಮೂಳೆಯೂ ಮುರಿಯುತ್ತದೆ, ಕ್ಯಾಲ್ಸಿಯಂ ನಾಳಗಳಲ್ಲಿ ಕೂರುತ್ತದೆ. ಸಾಮಾನ್ಯವಾಗಿ ಕ್ಯಾಲ್ಸಿಯಂ, ವಿಟಮಿನ್ ಡಿ ಜಾಸ್ತಿ ಆದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಕಾಣುತ್ತೇವೆ.

ಇನ್ನೊಂದು. ಪಿಟಿಎಚ್ ಒಂದೊಂದು ಲ್ಯಾಬಿನಲ್ಲಿ ಒಂದೊಂದು ಬರುತ್ತದೆ. ಯಾವಾಗಲೂ ಒಂದೇ ಲ್ಯಾಬ್ ಹಿಡಿಯಿರಿ. ಒಂದು ಸಲದ ಅಂಕಿ ನೋಡಿ ಗಾಬರಿ ಬೇಡ, ಏರುತ್ತಿದೆಯಾ ಇಳಿಯುತ್ತಿದೆಯಾ ನೋಡಿ.

ಕಾಳಿ ಸೇತುವೆ
ಒಂದು ವಿಷಯ ಯಾರೂ ಎತ್ತಲಿಲ್ಲ. ವಾರಕ್ಕೆ ಎರಡು ಸಲ ಸಾಲುವುದಿಲ್ಲ.

ಬೈತಖೋಲ್ ಗಾಳಿ
ಎಲ್ಲರಿಗೂ ಗೊತ್ತು. ಯಂತ್ರ ಖಾಲಿ ಇರಬೇಕಲ್ಲ. ಮೂರನೇ ಸರದಿ ಕೇಳಿದರೆ ಕಾಯುವವರ ಪಟ್ಟಿ ತೋರಿಸುತ್ತಾರೆ.

ಯಂತ್ರದ ಪಕ್ಕ
ಲೆಕ್ಕ ಹೇಳುತ್ತೇನೆ, ನೀವೇ ನೋಡಿ. ದಿನಕ್ಕೆ 1000 ಮಿಲಿಗ್ರಾಂ ಫಾಸ್ಫರಸ್ ತಿಂದರೆ ಸುಮಾರು 600 ಮೈಗೆ ಸೇರುತ್ತದೆ. ವಾರಕ್ಕೆ 4200. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ತೆಗೆಯುವುದು ಸುಮಾರು 800. ಮೂರು ಸಲಕ್ಕೆ 2400, ಎರಡು ಸಲಕ್ಕೆ 1600. ಉಳಿದದ್ದನ್ನು ಪಥ್ಯ, ಮಾತ್ರೆ ಎರಡೂ ಸೇರಿ ತಡೆಯಬೇಕು. ಒಂದು ಮಾತ್ರೆ ಹಿಡಿಯುವುದು 20ರಿಂದ 30 ಮಿಲಿಗ್ರಾಂ ಅಷ್ಟೇ. ಅಂದರೆ ಒಂದು ಲೋಟ ಹಾಲಿಗೆ ಎಷ್ಟು ಮಾತ್ರೆ ಬೇಕು ಯೋಚಿಸಿ. ಫಾಸ್ಫರಸ್ ಜೀವಕೋಶದೊಳಗೆ, ಮೂಳೆಯೊಳಗೆ ಕೂತಿರುತ್ತದೆ, ನಿಧಾನ ಹೊರಗೆ ಬರುತ್ತದೆ. ಅದಕ್ಕೇ ನಾಲ್ಕು ಗಂಟೆಯಲ್ಲಿ ಅರ್ಧ ಗಂಟೆ ಮುಂಚೆ ಬಿಡಿಸಿ ಅಂತ ಬಸ್ಸಿಗೆ ಓಡಬೇಡಿ. ಕೊನೆಯ ಅರ್ಧ ಗಂಟೆಯೂ ಬೇಕು.

ಹುಲೇಕಲ್ ತೋಟ
ಬಸ್ಸಿಗೆ ಓಡದೆ ಏನು ಮಾಡೋದು? ಸಂಜೆ ನಾಲ್ಕರ ಬಸ್ ತಪ್ಪಿದರೆ ನಮ್ಮೂರಿಗೆ ಮತ್ತೆ ಬಸ್ಸೇ ಇಲ್ಲ. ಯಂತ್ರ ಇದ್ದರೂ ತಜ್ಞರನ್ನು ನೋಡಲು ಘಟ್ಟ ಇಳಿಯಬೇಕು, ಇಲ್ಲ ಹುಬ್ಬಳ್ಳಿಗೆ ಹೋಗಬೇಕು. ಮಳೆಗಾಲದಲ್ಲಿ ದೇವಿಮನೆ ಘಟ್ಟ ಯಾವಾಗ ಬಂದ್ ಆಗುತ್ತದೋ ಗೊತ್ತಿಲ್ಲ.

ಕಾಳಿ ಸೇತುವೆ
2024ರ ಜುಲೈ 16, ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದ ದಿನ ಮಂಗಳವಾರ. ಅಪ್ಪನ ಸರದಿ ಮಂಗಳವಾರ, ಶುಕ್ರವಾರ. ನಾವು ಕಾರವಾರದಲ್ಲೇ ಇದ್ದುದರಿಂದ ಬಚಾವ್. ಅಪ್ಪನ ಪಕ್ಕದ ಮಂಚದವರು ಹೆದ್ದಾರಿಯ ಆ ಕಡೆಯವರು, ಅವರ ಮಂಚ ಖಾಲಿ ಇತ್ತು. ಅಪ್ಪ ನಾಲ್ಕು ಗಂಟೆಯೂ ಆ ಮಂಚವನ್ನೇ ನೋಡುತ್ತಿದ್ದರು.

ಸೋದೆ ರಸ್ತೆ
2022ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಅಂತ ಎಲ್ಲ ತಾಲೂಕಿನವರೂ ಕೂಗಿದೆವು. ಈಗಲೂ ತಲೆಗೆ ಪೆಟ್ಟಾದರೆ ಮಣಿಪಾಲ, ಹೃದಯಕ್ಕಾದರೆ ಮಂಗಳೂರು, ಇಲ್ಲ ಗೋವಾ. ಮತ ಕೇಳಲು ಬಂದವರು ಎಲ್ಲಿ ಹೋದರು?

ನಿರ್ವಾಹಕ
ಆಸ್ಪತ್ರೆ ಬೇಡಿಕೆಗೆ ಬೇರೆ ಎಳೆ ಇದೆ, ಅಲ್ಲಿ ಬರೆಯಿರಿ. ಇಲ್ಲಿ ಮೂಳೆ ವಿಷಯ ಮುಂದುವರಿಯಲಿ. ಆಸ್ಪತ್ರೆಗಳ ಹೆಸರು ಹಿಡಿದು ದೂರುವುದು ಬೇಡ.

ಅಘನಾಶಿನಿ ದಡ
ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಮಾತ್ರೆ ಡಬ್ಬಿ ಈಗ ಊಟದ ತಟ್ಟೆಯ ಪಕ್ಕ ಇರುತ್ತದೆ. ಆಯಿ ಮೊದಲ ತುತ್ತು ಎತ್ತಿದ ಕೂಡಲೇ ಮೊಮ್ಮಗಳು ಒಂದು ಮಾತ್ರೆ ತೆಗೆದು ಕೈಯಲ್ಲಿ ಹಿಡಿದು ಕಾಯುತ್ತಾಳೆ. ಹಾಲು ಬೆಳಗಿನ ಚಹಾಕ್ಕೆ ಎರಡು ಚಮಚ ಮಾತ್ರ. ಮೀನು ದಿನಕ್ಕೊಂದು ತುಂಡು. ಬೇಳೆ, ತರಕಾರಿ ಬೇಯಿಸಿದ ನೀರು ಚೆಲ್ಲುತ್ತೇವೆ. ಮೂರನೇ ಸರದಿ ಸಿಕ್ಕಿಲ್ಲ. ಹದಿನೈದು ದಿನಕ್ಕೊಮ್ಮೆ ಯಾರಾದರೂ ಬರದಿದ್ದಾಗ ಕರೆಯುತ್ತಾರೆ, ಫೋನ್ ಬಂದ ಕೂಡಲೇ ಹೊರಡುತ್ತೇವೆ.

ಫಾಸ್ಫರಸ್ 5.6ಕ್ಕೆ ಇಳಿದಿದೆ. ತುರಿಕೆ ಅರ್ಧಕ್ಕರ್ಧ ಕಡಿಮೆ, ರಾತ್ರಿ ಮೂರು ನಾಲ್ಕು ಗಂಟೆ ಮಲಗುತ್ತಾಳೆ. ಪಿಟಿಎಚ್ ಮಾತ್ರ ಇನ್ನೂ 1040. ಕ್ಯಾಪ್ಸೂಲ್ ಮತ್ತೆ ಶುರು ಮಾಡಿದ್ದಾರೆ, ಜೊತೆಗೆ ಸಿನಾಕ್ಯಾಲ್ಸೆಟ್. ಕುತ್ತಿಗೆ ಸ್ಕ್ಯಾನ್ ಮಾಡಿಸಿ ಅಂದಿದ್ದಾರೆ. ಬುಧವಾರ ರೈಲಿನಲ್ಲಿ ಉಡುಪಿಗೆ, ಅಲ್ಲಿಂದ ಮಣಿಪಾಲ. ಏನೇನು ತಗೊಂಡು ಹೋಗಬೇಕು?

ಹನ್ನೊಂದು ವರ್ಷ
5.6 ಅಂದರೆ ತುಂಬಾ ಒಳ್ಳೆಯದು, ಮೊಮ್ಮಗಳಿಗೆ ನನ್ನ ಕಡೆಯಿಂದ ಒಂದು ಶಾಭಾಸ್. ಹಳೆಯ ರಿಪೋರ್ಟ್ ಎಲ್ಲ ದಿನಾಂಕದ ಪ್ರಕಾರ ಜೋಡಿಸಿ, ಕ್ಯಾಲ್ಸಿಯಂ, ಫಾಸ್ಫರಸ್, ಪಿಟಿಎಚ್ ಮೂರನ್ನೂ ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ. ಈಗ ನುಂಗುತ್ತಿರುವ ಎಲ್ಲ ಮಾತ್ರೆಯ ಹಾಳೆಯನ್ನೇ ಒಯ್ಯಿರಿ, ನೆನಪಿನಿಂದ ಹೇಳಬೇಡಿ. ಸಿನಾಕ್ಯಾಲ್ಸೆಟ್ ಶುರುವಾದ ಮೇಲೆ ಕ್ಯಾಲ್ಸಿಯಂ ಇಳಿಯುತ್ತದೆ. ತುಟಿ ಜುಂ ಅಂದರೆ, ಬೆರಳು ಸೆಟೆದರೆ ಕಾಯಬೇಡಿ. ಫಿಸ್ಟುಲಾ ಕೈಯಿಂದ ಯಾರಿಗೂ ರಕ್ತ ತೆಗೆಯಲು, ಬಿಪಿ ನೋಡಲು ಬಿಡಬೇಡಿ, ಹೊಸ ಜಾಗದಲ್ಲಿ ಗೊತ್ತಿಲ್ಲದೆ ಆ ಕೈಯನ್ನೇ ಹಿಡಿಯುತ್ತಾರೆ.

ಉಡುಪಿ ನಿಲ್ದಾಣದಲ್ಲಿ ಗಾಲಿಕುರ್ಚಿ ಕೇಳಿ. ಆಯಿ ಬೇಡ ಅಂದರೂ ಕೂರಿಸಿ.

ಅಘನಾಶಿನಿ ದಡ
ಈಗಲೇ ಬೇಡ ಅನ್ನುತ್ತಿದ್ದಾಳೆ. ಕೂರಿಸುತ್ತೇನೆ.